ನಂಬಬಹುದಾದ ಚೈನ್ ಯಾವುದು, ಬರೀ ಸದ್ದಿನ ಚೈನ್ ಯಾವುದು? ಮೈಸೂರು–ಮಂಡ್ಯದ ಕ್ರಿಪ್ಟೊ ವ್ಯಾಪಾರಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಈಗಾಗಲೇ ಅಷ್ಟಿಷ್ಟು ಕ್ರಿಪ್ಟೊ ಕೊಂಡು ಮಾರುತ್ತಿರುವವರಿಗಾಗಿ ಬರೆದ ಪುಟ ಇದು. ಯಾವ ಕಾಯಿನ್ ಏರುತ್ತದೆ ಎಂಬ ಭವಿಷ್ಯ ಇಲ್ಲಿ ಸಿಗುವುದಿಲ್ಲ. ಬೆಲೆ ಏರಲಿ ಇಳಿಯಲಿ, ನಿಮ್ಮ ದುಡ್ಡು ಹೊತ್ತಿರುವ ನೆಟ್‌ವರ್ಕ್ (ಬ್ಲಾಕ್‌ಚೈನ್, ಚಿಕ್ಕದಾಗಿ ಚೈನ್) ಆ ಹೊತ್ತಿಗೆ ನಿಮ್ಮನ್ನು ಹೊರಗೆ ಬಿಡುತ್ತದೆಯೇ ಇಲ್ಲವೇ, ಇಲ್ಲಿ ಮಾತಾಡುವುದು ಅಷ್ಟನ್ನೇ.

ನೆಟ್‌ವರ್ಕ್ ನಂಬಿಕಸ್ತವೋ ಅಲ್ಲವೋ ಎಂದು ತಿಳಿಯಲು ಏನನ್ನು ನೋಡಬೇಕು?

ಮಂಡ್ಯದ ಬೆಲ್ಲದ ಮಂಡಿ ಕಂಡವರಿಗೆ ಈ ಸಮಸ್ಯೆ ಹೊಸದಲ್ಲ. ಹೈಡ್ರೋಸ್ ಹಾಕಿ ಬೆಳ್ಳಗೆ ಮಾಡಿದ ಅಚ್ಚು ದೂರದಿಂದಲೇ ಕಣ್ಣು ಸೆಳೆಯುತ್ತದೆ. ಏನೂ ಹಾಕದ ಬೆಲ್ಲ ಕಂದು ಬಣ್ಣಕ್ಕೆ ತಿರುಗಿ ಮೂಲೆಯಲ್ಲಿ ಕೂತಿರುತ್ತದೆ. ಚೈನ್‌ಗಳ ವಿಷಯದಲ್ಲಿ ಆ ಬಿಳುಪು ಎಂದರೆ ಸೆಕೆಂಡಿಗೆ ಎಷ್ಟು ಸಾವಿರ ಟ್ರಾನ್ಸಾಕ್ಷನ್, ಎಷ್ಟು ಕಂಪನಿಗಳ ಜೊತೆ ಒಪ್ಪಂದ, ಎಷ್ಟು ಲಕ್ಷ ಫಾಲೋವರ್ಸ್ ಅನ್ನುವ ಲೆಕ್ಕ.

ವ್ಯಾಪಾರ ಮಾಡುವವರಿಗೆ ಬೇಕಾದ್ದು ಬೇರೆ ನಾಲ್ಕು. ಚೈನ್ ನಿಲ್ಲಬಾರದು. ನೀವು ಕಳಿಸಿದ ಟ್ರಾನ್ಸಾಕ್ಷನ್ ಬ್ಲಾಕ್‌ನೊಳಗೆ, ಅಂದರೆ ಚೈನ್‌ನ ಲೆಕ್ಕದ ಪುಟದೊಳಗೆ, ಸೇರಬೇಕು. ಒಮ್ಮೆ ಸೇರಿದ್ದು ಹಿಂದಕ್ಕೆ ಹೋಗಬಾರದು. ಇದಕ್ಕೆಲ್ಲ ಎಷ್ಟು ಶುಲ್ಕ ಎಂಬುದು ಮೊದಲೇ ಅಂದಾಜಿಗೆ ಸಿಗಬೇಕು. ಮಾಮೂಲಿ ದಿನದಲ್ಲಿ ಎಲ್ಲ ಚೈನ್‌ಗಳೂ ಈ ನಾಲ್ಕನ್ನೂ ಮಾಡುತ್ತವೆ. ಆದ್ದರಿಂದ ಮಾಮೂಲಿ ದಿನದ ಅಂಕಿ ನೋಡಿ ಪ್ರಯೋಜನವಿಲ್ಲ. ಬೆಲೆ ಕುಸಿದು ಎಲ್ಲರೂ ಒಟ್ಟಿಗೆ ಬಾಗಿಲಿಗೆ ನುಗ್ಗಿದ ದಿನ ಏನಾಯಿತು ಎಂದು ಹುಡುಕಿ. ಆ ದಾಖಲೆ ಸಾರ್ವಜನಿಕವಾಗಿಯೇ ಇರುತ್ತದೆ.

"ಸೆಕೆಂಡಿಗೆ 65,000 ಟ್ರಾನ್ಸಾಕ್ಷನ್" ಅನ್ನುತ್ತಾರಲ್ಲ, ನಿಜವೇ?

ಸೊಲಾನಾ ಎಂಬ ಚೈನ್ ಬಗ್ಗೆ ಹೆಚ್ಚಾಗಿ ಕೇಳಿಬರುವ ಸಂಖ್ಯೆ ಇದು. ಇದು ಕಾಗದದ ಮೇಲಿನ ಸಾಮರ್ಥ್ಯ, ದಿನನಿತ್ಯ ನಡೆಯುವ ಕೆಲಸವಲ್ಲ. ಸೊಲಾನಾದಲ್ಲಿ ವ್ಯಾಲಿಡೇಟರ್‌ಗಳು (ಬ್ಲಾಕ್ ತಾಳೆ ನೋಡಿ ಒಪ್ಪುವವರು) ಹಾಕುವ ಮತಗಳನ್ನೂ ಟ್ರಾನ್ಸಾಕ್ಷನ್ ಎಂದೇ ಎಣಿಸುತ್ತಾರೆ. ಡ್ಯಾಶ್‌ಬೋರ್ಡ್‌ನಲ್ಲಿ ಕಾಣುವ ಒಟ್ಟು ಸಂಖ್ಯೆಯಲ್ಲಿ ದೊಡ್ಡ ಪಾಲು ಈ ಮತಗಳದ್ದು. ಅದನ್ನು ಕಳೆಯಿರಿ. ಉಳಿದದ್ದರಲ್ಲಿ ವಿಫಲವಾದವೂ ಸೇರಿರುತ್ತವೆ, ಅವನ್ನೂ ಕಳೆಯಿರಿ. 2024ರ ಮಾರ್ಚ್–ಏಪ್ರಿಲ್‌ನಲ್ಲಿ ಮೀಮ್ ಕಾಯಿನ್ ಭರಾಟೆ ಜೋರಾಗಿದ್ದಾಗ, ಮತಗಳಲ್ಲದ ಟ್ರಾನ್ಸಾಕ್ಷನ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ವಿಫಲವಾಗುತ್ತಿದ್ದ ದಿನಗಳಿದ್ದವು. ಅದರಲ್ಲಿ ತಾನಾಗಿ ವ್ಯಾಪಾರ ಮಾಡುವ ತಂತ್ರಾಂಶಗಳದ್ದೇ, ಅಂದರೆ ಬಾಟ್‌ಗಳದ್ದೇ, ದೊಡ್ಡ ಪಾಲು, ನಿಜ. ಆದರೆ ಸಾಲಿನಲ್ಲಿ ಅವುಗಳ ಹಿಂದೆ ನಿಂತವರು ನೀವು.

ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿತು ಎಂದು ಪೇಪರ್‌ನಲ್ಲಿ ಬಂದ ಮಾತ್ರಕ್ಕೆ ಮಳವಳ್ಳಿ ಕಡೆ ನಾಲೆಯ ಕೊನೆಯ ಗದ್ದೆಗೆ ನೀರು ಬಂತೆಂದು ಯಾವ ರೈತರೂ ನಂಬುವುದಿಲ್ಲ. ಒಟ್ಟು ಸಾಮರ್ಥ್ಯ ಬೇರೆ, ನಿಮ್ಮ ತೂಬಿಗೆ ಬಂದದ್ದು ಬೇರೆ.

ನೀವೇ ಅಳೆಯುವ ದಾರಿ ಸುಲಭ. ಮಾರುಕಟ್ಟೆ ಗದ್ದಲದಲ್ಲಿರುವ ಒಂದು ಸಂಜೆ, ಅದೇ ಚೈನ್‌ನಲ್ಲಿ ನೂರಿನ್ನೂರು ರೂಪಾಯಿಯಷ್ಟನ್ನು ನಿಮ್ಮದೇ ಇನ್ನೊಂದು ವಿಳಾಸಕ್ಕೆ ಹತ್ತು ಸಲ ಕಳಿಸಿ. ಎಷ್ಟು ಸೇರಿದವು, ಪ್ರತಿಯೊಂದಕ್ಕೆ ಎಷ್ಟು ಸೆಕೆಂಡ್, ಎಷ್ಟು ಶುಲ್ಕ ಎಂದು ಬರೆದಿಟ್ಟುಕೊಳ್ಳಿ. ಯೂಟ್ಯೂಬ್‌ನ ಒಂದು ಗಂಟೆಯ ವಿಡಿಯೋಗಿಂತ ಈ ಹತ್ತು ಸಾಲು ಹೆಚ್ಚು ಹೇಳುತ್ತವೆ.

ಚೈನ್ ಪೂರ್ತಿ ನಿಂತುಹೋದದ್ದು ಇದೆಯೇ?

ಇದೆ, ಹಲವು ಸಲ. ಕಾರಣಗಳು ಒಂದೊಂದು ಥರ. ಅವನ್ನು ತಿಳಿದರೆ ಯಾವ ಚೈನ್ ಎಲ್ಲಿ ಸೋರುತ್ತದೆ ಎಂಬ ಅಂದಾಜು ಬರುತ್ತದೆ.

ಸೊಲಾನಾ 2021ರ ಸೆಪ್ಟೆಂಬರ್ 14ರಂದು ಸುಮಾರು 17 ಗಂಟೆ ನಿಂತಿತು. ಒಂದು ಹೊಸ ಟೋಕನ್ ಮಾರಾಟಕ್ಕೆ ಬಾಟ್‌ಗಳು ಮುಗಿಬಿದ್ದವು, ವ್ಯಾಲಿಡೇಟರ್‌ಗಳ ಮೆಮೊರಿ ತುಂಬಿಹೋಯಿತು. 2023ರ ಫೆಬ್ರವರಿ 25ರಂದು ಸುಮಾರು 19 ಗಂಟೆ, ಈ ಸಲ ಕಾರಣ ಅಳತೆ ಮೀರಿದ ಒಂದು ಬ್ಲಾಕ್. 2024ರ ಫೆಬ್ರವರಿ 6ರಂದು ಸುಮಾರು 5 ಗಂಟೆ, ಕಾರಣ ತಂತ್ರಾಂಶದೊಳಗಿನ ದೋಷ. ಬಹುತೇಕ ಎಲ್ಲ ವ್ಯಾಲಿಡೇಟರ್‌ಗಳೂ ಒಂದೇ ಮೂಲದ ತಂತ್ರಾಂಶ ಓಡಿಸುತ್ತಿದ್ದುದರಿಂದ ಒಬ್ಬರಿಗೆ ಬಿದ್ದ ಪೆಟ್ಟು ಎಲ್ಲರಿಗೂ ಬಿತ್ತು. ಎಲ್ಲ ಗದ್ದೆಗೂ ಒಂದೇ ತಳಿ ಹಾಕಿದರೆ ರೋಗ ಬಂದಾಗ ಆಗುವುದೂ ಇದೇ.

ಬಿಎನ್‌ಬಿ ಚೈನ್ 2022ರ ಅಕ್ಟೋಬರ್ 6ರಂದು ನಿಂತದ್ದು ತಾನಾಗಿ ಅಲ್ಲ, ನಿಲ್ಲಿಸಿದ್ದು. ಅದರ ಸೇತುವೆಯಲ್ಲಿ (ಒಂದು ಚೈನ್‌ನಿಂದ ಇನ್ನೊಂದಕ್ಕೆ ದುಡ್ಡು ದಾಟಿಸುವ ವ್ಯವಸ್ಥೆಯಲ್ಲಿ) ಕನ್ನ ಕೊರೆದು 20 ಲಕ್ಷ ಬಿಎನ್‌ಬಿ ಸೃಷ್ಟಿಸಿಕೊಂಡಿದ್ದರು, ವ್ಯಾಲಿಡೇಟರ್‌ಗಳು ಮಾತಾಡಿಕೊಂಡು ಇಡೀ ಚೈನ್ ತಡೆದರು. ಕದ್ದದ್ದರ ಬಹುಪಾಲು ಹೊರಹೋಗದೆ ಉಳಿಯಿತು. ಆದರೆ ಕೆಲವೇ ಮಂದಿ ಸೇರಿ ನಿಲ್ಲಿಸಬಹುದಾದ ಚೈನ್ ಅದು ಎಂಬುದೂ ಅದೇ ದಿನ ಗೊತ್ತಾಯಿತು. ಇದು ಒಳ್ಳೆಯದೋ ಕೆಟ್ಟದ್ದೋ ಎಂಬುದು ನೀವು ಯಾವ ಕಡೆ ನಿಂತಿದ್ದೀರಿ ಎಂಬುದರ ಮೇಲೆ.

ಈಥಿರಿಯಮ್ ಮೇಲೆ ಕಟ್ಟಿದ ಆರ್ಬಿಟ್ರಮ್ ಚೈನ್‌ನಲ್ಲಿ 2023ರ ಡಿಸೆಂಬರ್ 15ರಂದು ಟ್ರಾನ್ಸಾಕ್ಷನ್‌ಗಳನ್ನು ಸಾಲಾಗಿ ಜೋಡಿಸುವ ಸೀಕ್ವೆನ್ಸರ್ ಒಂದು ಗಂಟೆಗೂ ಹೆಚ್ಚು ಕಾಲ ಕೈಕೊಟ್ಟಿತು.

ಈಥಿರಿಯಮ್ ಪೂರ್ತಿ ನಿಂತದ್ದಿಲ್ಲ. ಆದರೆ 2023ರ ಮೇ 11 ಮತ್ತು 12ರಂದು ಅಂತಿಮ ಮುದ್ರೆ (ಬ್ಲಾಕ್ ಇನ್ನು ಬದಲಾಗದು ಎಂಬ ಖಾತ್ರಿ) ಬೀಳುವುದು ತಡವಾಯಿತು, ಮೊದಲ ದಿನ ಸುಮಾರು 25 ನಿಮಿಷ, ಮಾರನೆಯ ದಿನ ಒಂದು ಗಂಟೆಗೂ ಹೆಚ್ಚು. ಬ್ಲಾಕ್‌ಗಳು ಬರುತ್ತಲೇ ಇದ್ದವು. ಸಮಸ್ಯೆ ಇದ್ದದ್ದು ಕೆಲವು ತಂತ್ರಾಂಶಗಳಲ್ಲಿ ಮಾತ್ರ, ಬೇರೆಯವು ಓಡುತ್ತಿದ್ದವು. ಹಲವು ತಂಡಗಳು ಬೇರೆ ಬೇರೆಯಾಗಿ ಬರೆದ ತಂತ್ರಾಂಶ ಇರುವುದರ ಲಾಭ ಕಂಡದ್ದು ಅಲ್ಲೇ.

ಬಿಟ್‌ಕಾಯಿನ್ ಕೂಡ ಹುಟ್ಟುತ್ತಲೇ ಪರಿಪೂರ್ಣವಾಗಿರಲಿಲ್ಲ. 2010ರ ಆಗಸ್ಟ್‌ನಲ್ಲಿ ಲೆಕ್ಕದ ದೋಷದಿಂದ 18,400 ಕೋಟಿಗೂ ಹೆಚ್ಚು ಕಾಯಿನ್ ಹುಟ್ಟಿಕೊಂಡವು, ಕೆಲವೇ ಗಂಟೆಗಳಲ್ಲಿ ಆ ಸರಣಿಯನ್ನು ಕೈಬಿಟ್ಟು ಸರಿಪಡಿಸಿದರು. 2013ರ ಮಾರ್ಚ್‌ನಲ್ಲಿ ಹಳೆಯ, ಹೊಸ ಆವೃತ್ತಿಗಳು ಒಂದೇ ಬ್ಲಾಕ್‌ನ ಬಗ್ಗೆ ಒಪ್ಪದೆ ಚೈನ್ ಕವಲಾಯಿತು. ಅದಾದ ಮೇಲೆ ಅಷ್ಟು ದೊಡ್ಡ ಕವಲು ಆಗಿಲ್ಲ.

ನಿಲ್ಲದೆಯೂ ಕೈಕೊಡುವುದು ಅಂದರೆ ಹೇಗೆ?

2020ರ ಮಾರ್ಚ್ 12. ಕೊರೊನಾ ಭಯದಲ್ಲಿ ಈಥಿರಿಯಮ್‌ನ ಕಾಯಿನ್ ಆದ ಈಥರ್‌ನ ಬೆಲೆ ಒಂದೇ ದಿನದಲ್ಲಿ ಹೆಚ್ಚೂಕಡಿಮೆ ಅರ್ಧಕ್ಕೆ ಇಳಿಯಿತು. ಈಥಿರಿಯಮ್ ಒಂದು ಕ್ಷಣವೂ ನಿಲ್ಲಲಿಲ್ಲ. ಆದರೆ ಗ್ಯಾಸ್ ಶುಲ್ಕ (ಟ್ರಾನ್ಸಾಕ್ಷನ್ ಸೇರಿಸಲು ಕೊಡುವ ಶುಲ್ಕ) ಗಗನಕ್ಕೇರಿ, ಮೇಕರ್‌ಡಾವ್ ಎಂಬ ಸಾಲದ ವ್ಯವಸ್ಥೆಯಲ್ಲಿ ಅಡವಿಟ್ಟ ಈಥರ್ ಹರಾಜಿಗೆ ಬಂದಾಗ ಬಹಳ ಮಂದಿಯ ಬಿಡ್ ಬ್ಲಾಕ್‌ನೊಳಗೆ ಸೇರಲೇ ಇಲ್ಲ. ಸೇರಿದ ಕೆಲವರು ಸೊನ್ನೆ ಬಿಡ್ ಹಾಕಿ 80 ಲಕ್ಷ ಡಾಲರ್‌ಗೂ ಮಿಕ್ಕಿದ ಈಥರ್ ಎತ್ತಿಕೊಂಡು ಹೋದರು. ಅಡವಿಟ್ಟವರಿಗೆ ಹೆಚ್ಚುವರಿ ಒತ್ತೆ ಹಾಕಿ ಉಳಿಸಿಕೊಳ್ಳಲೂ ಆಗಲಿಲ್ಲ.

ಬಿಟ್‌ಕಾಯಿನ್‌ನಲ್ಲಿ 2024ರ ಏಪ್ರಿಲ್ 20ರಂದು, ಹಾಲ್ವಿಂಗ್ ಆದ ದಿನ (ಹೊಸ ಕಾಯಿನ್ ಹುಟ್ಟುವ ಪ್ರಮಾಣ ಅರ್ಧಕ್ಕಿಳಿದ ದಿನ), ರೂನ್ಸ್ ಎಂಬ ಹೊಸ ಟೋಕನ್‌ಗಳ ನೂಕುನುಗ್ಗಲಿನಲ್ಲಿ ಸರಾಸರಿ ಶುಲ್ಕ 100 ಡಾಲರ್ ದಾಟಿತ್ತು. ಅಂದು 5,000 ರೂಪಾಯಿಯ ಬಿಟ್‌ಕಾಯಿನ್ ಇದ್ದವರಿಗೆ ಚೈನ್ ಇದ್ದೂ ಇಲ್ಲದಂತೆ.

"ಕನ್ಫರ್ಮ್ಡ್" ಅಂತ ಬಂದ ಮೇಲೂ ಎಕ್ಸ್‌ಚೇಂಜ್ ಯಾಕೆ ಕಾಯಿಸುತ್ತದೆ?

ಬ್ಲಾಕ್‌ನಲ್ಲಿ ಸೇರುವುದು ಒಂದು ಹಂತ. ಆ ಬ್ಲಾಕ್ ಇನ್ನು ಬದಲಾಗದು ಎಂಬ ಖಾತ್ರಿ ಇನ್ನೊಂದು. ಬಿಟ್‌ಕಾಯಿನ್‌ನಲ್ಲಿ ಸುಮಾರು 10 ನಿಮಿಷಕ್ಕೊಂದು ಬ್ಲಾಕ್, ರೂಢಿಯಂತೆ 6 ಬ್ಲಾಕ್ ಕಾದರೆ ಸುಮಾರು ಒಂದು ಗಂಟೆ. ಈಥಿರಿಯಮ್‌ನಲ್ಲಿ 12 ಸೆಕೆಂಡಿಗೊಂದು ಸ್ಲಾಟ್, 32 ಸ್ಲಾಟ್ ಸೇರಿ ಒಂದು ಎಪೋಕ್, ಎರಡು ಎಪೋಕ್ ಕಳೆದರೆ ಅಂತಿಮ, ಅಂದರೆ ಸುಮಾರು 13 ನಿಮಿಷ. ಟ್ರಾನ್‌ನಲ್ಲಿ 27 ಪ್ರತಿನಿಧಿಗಳು 3 ಸೆಕೆಂಡಿಗೊಂದರಂತೆ ಬ್ಲಾಕ್ ಮಾಡುತ್ತಾರೆ, 19 ಬ್ಲಾಕ್ ಆದ ಮೇಲೆ ಗಟ್ಟಿ, ಸುಮಾರು ಒಂದು ನಿಮಿಷ. ಸೊಲಾನಾದಲ್ಲಿ ಸ್ಲಾಟ್ ಸುಮಾರು 0.4 ಸೆಕೆಂಡ್, ಅಂತಿಮಕ್ಕೆ ಸುಮಾರು 13 ಸೆಕೆಂಡ್.

ಇದು ಬರೀ ಶಾಸ್ತ್ರದ ಮಾತಲ್ಲ. 2023ರ ಫೆಬ್ರವರಿಯಲ್ಲಿ ಪಾಲಿಗಾನ್‌ನಲ್ಲಿ 157 ಬ್ಲಾಕ್‌ಗಳು ಒಂದೇ ಸಲಕ್ಕೆ ಹಿಂದಕ್ಕೆ ಹೋಗಿ ಬೇರೆ ಸರಣಿ ಬಂತು. ಸರಕು ಕೊಟ್ಟು ಕ್ರಿಪ್ಟೊ ತೆಗೆದುಕೊಳ್ಳುವವರು, ಇಲ್ಲವೇ ಪರಿಚಯವಿಲ್ಲದವರಿಂದ ಕೊಳ್ಳುವವರು ಅಂತಿಮವಾಗುವ ತನಕ ರೂಪಾಯಿ ಬಿಡಬೇಡಿ. ವ್ಯಾಲೆಟ್‌ನ ಸ್ಕ್ರೀನ್‌ಶಾಟ್‌ಗೆ ಬೆಲೆಯೇ ಇಲ್ಲ. ಟ್ರಾನ್ಸಾಕ್ಷನ್ ಹ್ಯಾಶ್ (ಅದರ ಗುರುತಿನ ಸಂಖ್ಯೆ) ಇಸಿದುಕೊಂಡು ಎಕ್ಸ್‌ಪ್ಲೋರರ್‌ನಲ್ಲಿ (ಚೈನ್‌ನ ದಾಖಲೆ ತೋರಿಸುವ ಸೈಟ್‌ನಲ್ಲಿ) ನೀವೇ ತೆರೆದು ನೋಡಿ.

ಯುಎಸ್‌ಡಿಟಿ (ಡಾಲರ್ ಬೆಲೆಗೆ ಕಟ್ಟಿದ ಟೋಕನ್) ಕಳಿಸಲು ಯಾವ ನೆಟ್‌ವರ್ಕ್ ಆರಿಸಲಿ?

ಬಹಳ ಮಂದಿ ದುಡ್ಡು ಕಳೆದುಕೊಳ್ಳುವುದು ನೆಟ್‌ವರ್ಕ್ ಆರಿಸುವ ಈ ಒಂದು ಮೆನುವಿನಲ್ಲಿ. ಉತ್ತರ ಸರಳ: ಪಡೆಯುವ ಕಡೆಯವರು ಯಾವುದನ್ನು ಸ್ವೀಕರಿಸುತ್ತಾರೋ ಅದೇ. ಅಗ್ಗ, ದುಬಾರಿ ಅನ್ನುವುದೆಲ್ಲ ಆಮೇಲೆ.

ಮೊದಲು ಪಡೆಯುವ ಎಕ್ಸ್‌ಚೇಂಜ್ ತೆರೆದು ಡೆಪಾಸಿಟ್ ಪುಟದಲ್ಲಿ ನೆಟ್‌ವರ್ಕ್ ಹೆಸರು ನೋಡಿ, ಅಲ್ಲಿಂದಲೇ ವಿಳಾಸ ಕಾಪಿ ಮಾಡಿ. ಆಮೇಲೆ ಕಳಿಸುವ ಕಡೆ ಅದೇ ಹೆಸರು ಆರಿಸಿ. ಟ್ರಾನ್ ವಿಳಾಸ ಇಂಗ್ಲಿಷಿನ ಟಿ ಅಕ್ಷರದಿಂದ ಶುರುವಾಗಿ 34 ಅಕ್ಷರ ಇರುತ್ತದೆ. ಈಥಿರಿಯಮ್ ವಿಳಾಸ ಸೊನ್ನೆ-ಎಕ್ಸ್‌ನಿಂದ ಶುರುವಾಗಿ 42 ಅಕ್ಷರ. ಇಲ್ಲೇ ಕುಣಿಕೆ ಇರುವುದು: ಬಿಎನ್‌ಬಿ ಚೈನ್, ಪಾಲಿಗಾನ್, ಆರ್ಬಿಟ್ರಮ್, ಬೇಸ್ ಎಲ್ಲದರ ವಿಳಾಸವೂ ಈಥಿರಿಯಮ್ ಥರವೇ ಕಾಣುತ್ತದೆ. ವಿಳಾಸ ಸರಿಯಾಗಿದ್ದರೂ ನೆಟ್‌ವರ್ಕ್ ತಪ್ಪಾಗಬಹುದು, ವ್ಯಾಲೆಟ್ ತಡೆಯುವುದಿಲ್ಲ. ಸ್ವಂತ ವ್ಯಾಲೆಟ್‌ಗೆ ಹಾಗೆ ಹೋಗಿದ್ದರೆ ಅದರಲ್ಲಿ ಆ ನೆಟ್‌ವರ್ಕ್ ಸೇರಿಸಿಕೊಂಡರೆ ದುಡ್ಡು ಕಾಣುತ್ತದೆ. ಎಕ್ಸ್‌ಚೇಂಜ್ ವಿಳಾಸಕ್ಕೆ ಹೋಗಿದ್ದರೆ ಅವರು ಕೈಯಾರೆ ತೆಗೆದುಕೊಡಬೇಕು, ಅದು ಅವರ ಮರ್ಜಿ.

ಮೊದಲು ಚಿಕ್ಕ ಮೊತ್ತ ಕಳಿಸಿ, ಅದು ಆ ಕಡೆ ಬ್ಯಾಲೆನ್ಸ್‌ನಲ್ಲಿ ಕಂಡ ಮೇಲೆ ಉಳಿದದ್ದು. ಎರಡನೆಯ ಸಲ ಹಳೆಯ ಹಿಸ್ಟರಿಯಿಂದ ವಿಳಾಸ ಎತ್ತಬೇಡಿ. ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ನೀವು ಹಿಂದೆ ಕಳಿಸಿದ್ದ ವಿಳಾಸದಂತೆಯೇ ಇರುವ ವಿಳಾಸ ತಯಾರಿಸಿ, ಅಲ್ಲಿಂದ ಸೊನ್ನೆ ಮೊತ್ತ ಕಳಿಸಿ, ನಿಮ್ಮ ಹಿಸ್ಟರಿಯಲ್ಲಿ ಕೂರಿಸುವ ಕಳ್ಳರಿದ್ದಾರೆ. ನಡುವಿನ ಅಕ್ಷರಗಳನ್ನೂ ಓದಿ.

ಟ್ರಾನ್‌ನಲ್ಲಿ ಇನ್ನೊಂದು ಗೊಂದಲ: ಅದೇ ಮೊತ್ತಕ್ಕೆ ಒಮ್ಮೆ ಒಂದು ಶುಲ್ಕ, ಇನ್ನೊಮ್ಮೆ ಅದರ ಎರಡರಷ್ಟು. ಪಡೆಯುವ ವಿಳಾಸದಲ್ಲಿ ಮೊದಲೇ ಯುಎಸ್‌ಡಿಟಿ ಇದ್ದರೆ ಸುಮಾರು 65,000 ಎನರ್ಜಿ (ಟ್ರಾನ್‌ನಲ್ಲಿ ಕೆಲಸ ಅಳೆಯುವ ಮಾನ) ಸಾಕು. ಖಾಲಿ ವಿಳಾಸವಾದರೆ ಸುಮಾರು 1,30,000 ಬೇಕು. ಎನರ್ಜಿ ಇಲ್ಲದಿದ್ದರೆ ಅಷ್ಟರ ಟಿಆರ್‌ಎಕ್ಸ್ (ಟ್ರಾನ್‌ನ ಸ್ವಂತ ಕಾಯಿನ್) ಸುಟ್ಟುಹೋಗುತ್ತದೆ. ಟಿಆರ್‌ಎಕ್ಸ್ ಸಾಲದಿದ್ದರೆ ಟ್ರಾನ್ಸಾಕ್ಷನ್ ಅರ್ಧದಲ್ಲಿ ಬಿದ್ದು, ಸುಟ್ಟದ್ದು ವಾಪಸ್ ಬರುವುದಿಲ್ಲ. ಪೂರ್ತಿ ಯುಎಸ್‌ಡಿಟಿ ಇಟ್ಟುಕೊಂಡು ಟಿಆರ್‌ಎಕ್ಸ್ ಇಲ್ಲದೆ ಕೂತವರ ಪಾಡು ಬಸ್ ಹತ್ತಿ ಚಿಲ್ಲರೆ ಇಲ್ಲ ಅಂದವರಂತೆ.

ಯುಎಸ್‌ಡಿಟಿಯನ್ನು ಹೊರಡಿಸುವ ಟೆದರ್ ಕಂಪನಿ ಯಾವುದೇ ವಿಳಾಸವನ್ನು ಸ್ತಂಭನಗೊಳಿಸಬಲ್ಲದು, ಎಷ್ಟೋ ಸಲ ಮಾಡಿದೆ. ಮೈಸೂರಿನ ಮುದ್ರಣಾಲಯದಿಂದ ಹೊರಬಂದು ನಿಮ್ಮ ಜೇಬು ಸೇರಿದ ಒಂದು ನೋಟನ್ನು ಮಾತ್ರ ಆರಿಸಿ ದೂರದಿಂದಲೇ ನಿಷ್ಕ್ರಿಯ ಮಾಡುವಂತಿಲ್ಲ. ಯುಎಸ್‌ಡಿಟಿಯನ್ನು ಹಾಗೆ ಮಾಡಬಹುದು. ಚೈನ್ ಎಷ್ಟೇ ಸ್ವತಂತ್ರ ಎಂದರೂ ಅದರ ಮೇಲೆ ಓಡುವ ಟೋಕನ್‌ಗೆ ಒಡೆಯರಿದ್ದಾರೆ.

ಟ್ರಾನ್ಸಾಕ್ಷನ್ ಪೆಂಡಿಂಗ್‌ನಲ್ಲೇ ನಿಂತಿದೆ, ಏನು ಮಾಡಲಿ?

ಈಥಿರಿಯಮ್ ಮತ್ತು ಅದರ ಥರದ ಚೈನ್‌ಗಳಲ್ಲಿ ಪ್ರತಿ ಟ್ರಾನ್ಸಾಕ್ಷನ್‌ಗೂ ನಾನ್ಸ್ ಎಂಬ ಕ್ರಮಸಂಖ್ಯೆ ಇರುತ್ತದೆ. 41 ಸಿಕ್ಕಿಕೊಂಡರೆ 42, 43 ಎಲ್ಲ ಅದರ ಹಿಂದೆ ನಿಲ್ಲುತ್ತವೆ. ಮತ್ತೆ ಮತ್ತೆ ಹೊಸದಾಗಿ ಕಳಿಸಿದರೆ ಸಾಲು ಉದ್ದವಾಗುತ್ತದೆ ಅಷ್ಟೇ. 41ನ್ನೇ ಮತ್ತೆ, ಶುಲ್ಕ ಕನಿಷ್ಠ ಶೇ 10 ಏರಿಸಿ ಕಳಿಸಬೇಕು. ವ್ಯಾಲೆಟ್‌ನ ಸ್ಪೀಡ್ ಅಪ್ ಬಟನ್ ಮಾಡುವುದು ಇದನ್ನೇ. ರದ್ದು ಮಾಡಬೇಕೆಂದರೆ ಅದೇ 41ರಲ್ಲಿ ನಿಮ್ಮದೇ ವಿಳಾಸಕ್ಕೆ ಸೊನ್ನೆ ಈಥರ್ ಕಳಿಸಿ.

ಬಿಟ್‌ಕಾಯಿನ್‌ನಲ್ಲಿ ಆರ್‌ಬಿಎಫ್ ಸೌಲಭ್ಯ ಇರುವ ವ್ಯಾಲೆಟ್ ಆದರೆ ಶುಲ್ಕ ಏರಿಸಿ ಬದಲಿಸಬಹುದು. ಇಲ್ಲವಾದರೆ ಕಾಯುವುದು. ಹೆಚ್ಚಿನ ನೋಡ್‌ಗಳು (ಚೈನ್ ಓಡಿಸುವ ಕಂಪ್ಯೂಟರ್‌ಗಳು) 14 ದಿನ ಇಟ್ಟುಕೊಂಡು ಆಮೇಲೆ ಕೈಬಿಡುತ್ತವೆ, ಕಾಯಿನ್ ನಿಮ್ಮಲ್ಲೇ ಉಳಿಯುತ್ತದೆ.

ಸೊಲಾನಾದಲ್ಲಿ ತಾಳ್ಮೆ ಬೇಕಿಲ್ಲ. ಟ್ರಾನ್ಸಾಕ್ಷನ್ ಹೊತ್ತ ಬ್ಲಾಕ್‌ಹ್ಯಾಶ್‌ನ ಆಯಸ್ಸು 150 ಬ್ಲಾಕ್, ಒಂದು–ಒಂದೂವರೆ ನಿಮಿಷ. ಅಷ್ಟರಲ್ಲಿ ಸೇರದಿದ್ದರೆ ಅದು ಸತ್ತಂತೆ, ಆದ್ಯತಾ ಶುಲ್ಕ ಏರಿಸಿ ಹೊಸದಾಗಿ ಸಹಿ ಮಾಡಿ. ಆ ಒಂದೂವರೆ ನಿಮಿಷ ಮುಗಿಯುವ ಮೊದಲೇ ಗಡಿಬಿಡಿಯಲ್ಲಿ ಎರಡನೆಯದನ್ನು ಒತ್ತಿದರೆ ಎರಡೂ ಸೇರಿ ದುಪ್ಪಟ್ಟು ಕೊಂಡಂತಾಗಬಹುದು.

ಶುಲ್ಕ ಕಡಿಮೆ ಇದ್ದರೆ ಒಳ್ಳೆಯ ಚೈನ್ ತಾನೆ?

ಚಿಕ್ಕ ಮೊತ್ತಕ್ಕೆ ಹೌದು. ಈಥಿರಿಯಮ್‌ನಲ್ಲಿ ಸರಳ ವರ್ಗಾವಣೆಗೆ 21,000 ಗ್ಯಾಸ್, ದರ 20 ಗ್ವೈ (ಒಂದು ಗ್ವೈ ಅಂದರೆ ಈಥರ್‌ನ ನೂರು ಕೋಟಿಯಲ್ಲಿ ಒಂದು ಪಾಲು) ಇದ್ದರೆ 0.00042 ಈಥರ್. ಡೆಕ್ಸ್‌ನಲ್ಲಿ (ಮಧ್ಯವರ್ತಿ ಕಂಪನಿ ಇಲ್ಲದೆ ಚೈನ್ ಮೇಲೇ ನಡೆಯುವ ಎಕ್ಸ್‌ಚೇಂಜ್‌ನಲ್ಲಿ) ಒಂದು ಅದಲುಬದಲಿಗೆ 1,50,000 ಗ್ಯಾಸ್ ಆಸುಪಾಸು, ಅಂದರೆ 0.003 ಈಥರ್. ವಿಫಲವಾದರೂ ಶುಲ್ಕ ಹೋಗುತ್ತದೆ. ಸೊಲಾನಾದ ಮೂಲ ಶುಲ್ಕ ಪ್ರತಿ ಸಹಿಗೆ 0.000005 ಸೊಲ್, ಇಲ್ಲದಂತೆಯೇ. ಆದರೆ ಅದೇ ಅಗ್ಗದ ಶುಲ್ಕ ಬಾಟ್‌ಗಳಿಗೂ ಅಗ್ಗ. 2021ರಲ್ಲಿ ಚೈನ್ ಬಿದ್ದದ್ದರಲ್ಲಿ ಅದರ ಪಾಲೂ ಇತ್ತು.

ಮಾರ್ಕೆಟ್ ಕ್ಯಾಪ್ ಕೋಟಿಗಟ್ಟಲೆ ತೋರಿಸುತ್ತದೆ, ಮಾರಲು ಹೋದರೆ ಬೆಲೆ ಸಿಗುವುದಿಲ್ಲ. ಯಾಕೆ?

ಅದಲುಬದಲಿಗಾಗಿ ಟೋಕನ್ ಮತ್ತು ಡಾಲರ್ ರಾಶಿ ಹಾಕಿಟ್ಟ ಒಂದು ಪೂಲ್ ಬಿಚ್ಚಿ ನೋಡೋಣ. ಹೊಸ ಟೋಕನ್ ಒಟ್ಟು 10 ಕೋಟಿ ಇವೆ. ಡೆಕ್ಸ್‌ನ ಪೂಲ್‌ನಲ್ಲಿ ಇರುವುದು 1,00,000 ಟೋಕನ್ ಮತ್ತು 10,000 ಡಾಲರ್. ಬೆಲೆ 10 ಸೆಂಟ್. ಸೈಟ್‌ನಲ್ಲಿ ಮಾರ್ಕೆಟ್ ಕ್ಯಾಪ್ (ಒಟ್ಟು ಟೋಕನ್ ಗುಣಿಸು ಬೆಲೆ) 1 ಕೋಟಿ ಡಾಲರ್ ಎಂದು ಮಿನುಗುತ್ತದೆ.

ಪೂಲ್‌ನ ನಿಯಮ ಒಂದೇ: ಎರಡೂ ರಾಶಿಗಳ ಗುಣಲಬ್ಧ ಬದಲಾಗಬಾರದು. ಇಲ್ಲಿ ಅದು 100 ಕೋಟಿ. ನೀವು 1,000 ಡಾಲರ್ ಹಾಕಿದಿರಿ, ಡಾಲರ್ ರಾಶಿ 11,000 ಆಯಿತು, ಟೋಕನ್ ರಾಶಿ 90,909 ಆಗಬೇಕು. ನಿಮಗೆ ಬಂದದ್ದು 10,000 ಅಲ್ಲ, 9,091. ಪೂಲ್ ಶುಲ್ಕ ಬೇರೆ. ಈಗ ಹೊಸ ಬೆಲೆ 12.1 ಸೆಂಟ್, ಮಾರ್ಕೆಟ್ ಕ್ಯಾಪ್ 1 ಕೋಟಿ 21 ಲಕ್ಷ ಡಾಲರ್. ನಿಮ್ಮ 1,000 ಡಾಲರ್‌ನಿಂದ "ಮೌಲ್ಯ" 21 ಲಕ್ಷ ಏರಿತು! ಟೆಲಿಗ್ರಾಮ್‌ನಲ್ಲಿ ಅರ್ಧ ಗಂಟೆಯಲ್ಲಿ ಶೇ 21 ಲಾಭ ಎಂದು ರಾಕೆಟ್ ಚಿತ್ರ ಹಾಕುವುದು ಇದನ್ನೇ ನೋಡಿ.

ಟೋಕನ್ ಮಾಡಿದವರು ಈಗ ಬರೀ 50,000 ಟೋಕನ್ ಮಾರಿದರು ಅನ್ನಿ. ಟೋಕನ್ ರಾಶಿ 1,40,909, ಡಾಲರ್ ರಾಶಿ 7,097. ಅವರ ಕೈಗೆ 3,903 ಡಾಲರ್, ಬೆಲೆ 5 ಸೆಂಟ್. ಉಳಿದ ಸುಮಾರು 10 ಕೋಟಿ ಟೋಕನ್‌ಗಳನ್ನೂ ಯಾರಾದರೂ ಸುರಿದರೆ ಎಲ್ಲರಿಗೂ ಸೇರಿ ಸಿಗುವುದು ಆ 7,097 ಡಾಲರ್‌ಗಿಂತ ಕಡಿಮೆ. ಆದ್ದರಿಂದ ಮಾರ್ಕೆಟ್ ಕ್ಯಾಪ್ ಬಿಟ್ಟು ಪೂಲ್‌ನಲ್ಲಿ ಡಾಲರ್ ಎಷ್ಟಿದೆ ನೋಡಿ. ನಿಮ್ಮ ಮೊತ್ತ ಅದರ ಶೇ 1 ದಾಟಿದರೆ ಬೆಲೆ ನಿಮ್ಮ ಕೈಯಿಂದಲೇ ಕೆಡುತ್ತದೆ.

ಸ್ಲಿಪೇಜ್ ಮಿತಿಯನ್ನು (ಬೆಲೆ ಎಷ್ಟು ಕೆಟ್ಟರೂ ಒಪ್ಪುತ್ತೀರಿ ಎಂಬ ಮಿತಿಯನ್ನು) ಶೇ 10–15ಕ್ಕೆ ಏರಿಸಿ ಎಂದು ಯಾರಾದರೂ ಹೇಳಿದರೆ ಎಚ್ಚರ. ಅಷ್ಟು ಸಡಿಲ ಬಿಟ್ಟರೆ ನಿಮಗಿಂತ ಮುಂಚೆ ಕೊಂಡು, ನಿಮ್ಮಿಂದ ಬೆಲೆ ಏರಿಸಿ, ತಕ್ಷಣ ಮಾರುವ ಸ್ಯಾಂಡ್‌ವಿಚ್ ಬಾಟ್‌ಗೆ ಆ ಶೇ 10–15 ಹೋಗುತ್ತದೆ.

ಟಿವಿಎಲ್ (ಚೈನ್‌ನ ಆಪ್‌ಗಳಲ್ಲಿರುವ ಒಟ್ಟು ಠೇವಣಿ) ದೊಡ್ಡದಿದ್ದರೆ ನಂಬಬಹುದೇ?

ಒಂದೇ ಡಾಲರ್ ಅನ್ನು ಒಂದು ಆಪ್‌ನಲ್ಲಿಟ್ಟು, ಅದರ ರಸೀದಿಯನ್ನು ಇನ್ನೊಂದರಲ್ಲಿಟ್ಟು, ಆ ರಸೀದಿಯನ್ನು ಮೂರನೆಯದರಲ್ಲಿಟ್ಟರೆ ಮೂರು ಡಾಲರ್ ಎಂದು ಎಣಿಕೆಯಾಗುತ್ತದೆ. ಸೊಲಾನಾದ ಸೇಬರ್ ಎಂಬ ಡೆಕ್ಸ್ ಸುತ್ತಮುತ್ತ, 11 ಬೇರೆ ಬೇರೆ ಡೆವಲಪರ್‌ಗಳು ಕಟ್ಟಿದಂತೆ ಕಾಣುತ್ತಿದ್ದ ಆಪ್‌ಗಳ ಹಿಂದೆ ಇದ್ದದ್ದು ಒಬ್ಬರೇ ಎಂದು 2022ರಲ್ಲಿ ಬಯಲಾಯಿತು. ಚೈನ್‌ನ ಒಟ್ಟು ಠೇವಣಿಯ ಅಂಕಿ ಹೀಗೇ ಉಬ್ಬಿತ್ತು.

ಲೇಯರ್ 2 ಚೈನ್‌ಗಳು (ಈಥಿರಿಯಮ್ ಮೇಲೆ ಕಟ್ಟಿದವು) ಈಥಿರಿಯಮ್‌ನಷ್ಟೇ ಗಟ್ಟಿಯೇ?

ದುಡ್ಡಿನ ಲೆಕ್ಕ ಕೊನೆಗೆ ಈಥಿರಿಯಮ್‌ಗೇ ಹೋಗಿ ಸೇರುತ್ತದೆ, ಆದರೆ ಆ ಹೊತ್ತಿನ ವ್ಯಾಪಾರ ಒಂದು ಸೀಕ್ವೆನ್ಸರ್ ಕೈಯಲ್ಲಿರುತ್ತದೆ. ಅದು ಕೆಟ್ಟರೆ ನಿಮ್ಮ ಆರ್ಡರ್ ಹೋಗದು. ಆರ್ಬಿಟ್ರಮ್‌ನಲ್ಲಿ ಸೀಕ್ವೆನ್ಸರ್ ಬಿಟ್ಟು ನೇರ ಈಥಿರಿಯಮ್ ಮೂಲಕ ಒತ್ತಾಯದಿಂದ ಸೇರಿಸುವ ದಾರಿ ಇದೆ, ಅದಕ್ಕೆ ಸುಮಾರು 24 ಗಂಟೆ. ಅಧಿಕೃತ ಸೇತುವೆಯಲ್ಲಿ ಹಣ ವಾಪಸ್ ತರಲು ಆರ್ಬಿಟ್ರಮ್, ಆಪ್ಟಿಮಿಸಂ ಥರದವುಗಳಲ್ಲಿ ಸುಮಾರು 7 ದಿನ. ಎಲ್‌ಟುಬೀಟ್ ಎಂಬ ಸೈಟ್ ಪ್ರತಿ ಚೈನ್‌ಗೂ ಹಂತ 0, 1, 2 ಎಂದು ಗುರುತು ಹಾಕುತ್ತದೆ. ಹಂತ 0 ಅಂದರೆ ಇನ್ನೂ ನಡೆಸುವವರ ಕೈ ಹಿಡಿದು ನಡೆಯುತ್ತಿರುವ ಚೈನ್.

ಸೇತುವೆಗಳ ಮೇಲೆ ಅಷ್ಟೊಂದು ಭಯ ಯಾಕೆ?

ಎರಡು ಚೈನ್‌ಗಳೂ ಗಟ್ಟಿ ಇದ್ದು ನಡುವಿನ ಹಲಗೆ ಮುರಿದ ಕಥೆಗಳು ಬೇಕಾದಷ್ಟಿವೆ. ರೋನಿನ್ ಸೇತುವೆಯಲ್ಲಿ 9 ಕೀಲಿಗಳಲ್ಲಿ 5 ಸಿಕ್ಕರೆ ಸಾಕಿತ್ತು, 2022ರ ಮಾರ್ಚ್‌ನಲ್ಲಿ ಸಿಕ್ಕವು, 1,73,600 ಈಥರ್ ಮತ್ತು 2.55 ಕೋಟಿ ಯುಎಸ್‌ಡಿಸಿ (ಇನ್ನೊಂದು ಡಾಲರ್ ಟೋಕನ್) ಹೋಯಿತು. ಕಳ್ಳತನವಾದದ್ದು ಗೊತ್ತಾಗಲು ಆರು ದಿನ ಬೇಕಾಯಿತು! ವರ್ಮ್‌ಹೋಲ್ ಸೇತುವೆಯಲ್ಲಿ ಅದೇ ವರ್ಷ ಫೆಬ್ರವರಿಯಲ್ಲಿ 1,20,000 ಈಥರ್‌ನಷ್ಟು. ದಾಟಲೇಬೇಕಿದ್ದರೆ ದಾಟಿ, ಆದರೆ ಮೂಲ ಕಾಯಿನ್ ಇಟ್ಟುಕೊಂಡು ಸೇತುವೆ ಕೊಡುವ "ಸುತ್ತಿದ" ಟೋಕನ್ ಅನ್ನು ವಾರಗಟ್ಟಲೆ ಹಿಡಿದು ಕೂರಬೇಡಿ. ಮೂಲ ಕಾಯಿನ್ ಕಳುವಾದರೆ ಸುತ್ತಿದ್ದು ಬರೀ ರಸೀದಿ. ಬಹಳ ಸಲ ಒಂದು ಎಕ್ಸ್‌ಚೇಂಜ್‌ಗೆ ಹಾಕಿ ಇನ್ನೊಂದು ನೆಟ್‌ವರ್ಕ್‌ನಲ್ಲಿ ತೆಗೆಯುವುದೇ ಸುರಕ್ಷಿತ.

ಹೋಟೆಲ್‌ನಲ್ಲಿ ಮೀಟಿಂಗ್ ಇಟ್ಟು "ನಮ್ಮದೇ ಸ್ವಂತ ಬ್ಲಾಕ್‌ಚೈನ್" ಅಂದರು. ಪರೀಕ್ಷಿಸುವುದು ಹೇಗೆ?

ಹತ್ತು ನಿಮಿಷದ ಕೆಲಸ. ಅವರ ಎಕ್ಸ್‌ಪ್ಲೋರರ್ ವಿಳಾಸ ಕೇಳಿ. ಒಂದು ಟ್ರಾನ್ಸಾಕ್ಷನ್‌ನ ಹ್ಯಾಶ್ ಕೇಳಿ, ಅದು ಯಾವ ಬ್ಲಾಕ್‌ನಲ್ಲಿದೆ ನೋಡಿ. ಹೊರಗಿನವರು ಸ್ವಂತ ಕಂಪ್ಯೂಟರ್‌ನಲ್ಲಿ ನೋಡ್ ಓಡಿಸಲು ತಂತ್ರಾಂಶ ಎಲ್ಲಿ ಸಿಗುತ್ತದೆ, ಮೂಲ ಕೋಡ್ ಎಲ್ಲಿದೆ ಕೇಳಿ. ವ್ಯಾಲಿಡೇಟರ್‌ಗಳ ಪಟ್ಟಿ ಕೇಳಿ. ಕೊನೆಗೆ, ಇವತ್ತೇ 500 ರೂಪಾಯಿಯ ಕಾಯಿನ್ ಅನ್ನು ಅವರ ಆಪ್‌ನಿಂದ ಹೊರಗಿನ ವ್ಯಾಲೆಟ್‌ಗೆ ತೆಗೆಯಿರಿ. "ಲಾಕ್-ಇನ್ ಇದೆ", "ಲಿಸ್ಟಿಂಗ್ ಮುಂದಿನ ತಿಂಗಳು", "ನೀವು ಇಬ್ಬರನ್ನು ಸೇರಿಸಿದರೆ ತೆರೆಯುತ್ತದೆ" ಎಂಬ ಉತ್ತರ ಬಂದರೆ ಕಾಫಿ ಕುಡಿದು ಎದ್ದು ಬನ್ನಿ.

ಒನ್‌ಕಾಯಿನ್ 2014ರಿಂದ ಜಗತ್ತಿನೆಲ್ಲೆಡೆ ಇಂಥದ್ದೇ ಸಭೆಗಳಲ್ಲಿ ಮಾರಾಟವಾಯಿತು, ಅದಕ್ಕೆ ನಿಜವಾದ ಬ್ಲಾಕ್‌ಚೈನ್ ಇರಲೇ ಇಲ್ಲ. ಅದರ ಸ್ಥಾಪಕಿ ರೂಜಾ ಇಗ್ನಾಟೊವಾ 2017ರ ಅಕ್ಟೋಬರ್‌ನಲ್ಲಿ ಕಣ್ಮರೆಯಾದರು. ನೆಂಟರೇ ಕರೆದುಕೊಂಡು ಹೋದ ಮೀಟಿಂಗ್ ಆಗಿದ್ದರೆ ಬೇಡ ಅನ್ನುವುದು ಕಷ್ಟ. ಹ್ಯಾಶ್ ಕೇಳುವುದು ಅಷ್ಟು ಕಷ್ಟವಲ್ಲ.

ಚೈನ್ ನಿಜವಿದ್ದರೂ ಮಾತು ಸುಳ್ಳಿರಬಹುದು. ಟೆರ್ರಾ ನಿಜವಾದ ಚೈನ್. ಅದರ ಮೇಲೆ ಆಂಕರ್ ಎಂಬ ಆಪ್ ಕೊಡುತ್ತಿದ್ದ ವರ್ಷಕ್ಕೆ ಸುಮಾರು ಶೇ 20 ಬಡ್ಡಿಗೆ ಆಧಾರವಿರಲಿಲ್ಲ. 2022ರ ಮೇನಲ್ಲಿ ಒಂದೇ ವಾರದಲ್ಲಿ ಅದರ ಕಾಯಿನ್‌ಗಳಾದ ಯುಎಸ್‌ಟಿ ಮತ್ತು ಲೂನಾ ನೆಲಕಚ್ಚಿದವು, ಚೈನ್ ಅನ್ನೇ ನಿಲ್ಲಿಸಬೇಕಾಯಿತು.

ಚೈನ್ ಗಟ್ಟಿ ಇದ್ದರೆ ಎಕ್ಸ್‌ಚೇಂಜ್‌ನಲ್ಲೇ ಇಟ್ಟಿರಬಹುದಲ್ಲ?

2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ಎಕ್ಸ್‌ಚೇಂಜ್‌ನಿಂದ 23 ಕೋಟಿ ಡಾಲರ್‌ಗೂ ಹೆಚ್ಚು ಕಳುವಾಯಿತು. ಅಂದು ಈಥಿರಿಯಮ್ 12 ಸೆಕೆಂಡಿಗೊಂದರಂತೆ ಬ್ಲಾಕ್ ಮಾಡುತ್ತಲೇ ಇತ್ತು. ಹಣ ತೆಗೆಯಲಾಗದೆ ಕೂತವರಿಗೆ ಅದರಿಂದ ಏನೂ ಆಗಲಿಲ್ಲ. ಈ ವಾರ ಮಾರುವಷ್ಟನ್ನು ಮಾತ್ರ ಎಕ್ಸ್‌ಚೇಂಜ್‌ನಲ್ಲಿಡಿ. ಉಳಿದದ್ದು ಸ್ವಂತ ವ್ಯಾಲೆಟ್‌ನಲ್ಲಿರಲಿ, ಸೀಡ್ ಪದಗಳು (ವ್ಯಾಲೆಟ್ ಮರಳಿ ತೆರೆಯುವ ಗುಟ್ಟಿನ ಪದಗಳು) ಕಾಗದದ ಮೇಲೆ, ಎರಡು ಮನೆಗಳಲ್ಲಿ. ಫೋನ್ ಗ್ಯಾಲರಿಯಲ್ಲಿ ಫೋಟೊ ಬೇಡ.

ವೇಗದ ಚೈನ್ ಇದ್ದರೆ ದಿನಕ್ಕೆ ಹತ್ತು ಸಲ ಕೊಂಡು ಮಾರಬಹುದೇ?

ನಮ್ಮ ದೇಶದಲ್ಲಿ ವೇಗಕ್ಕೆ ಕಡಿವಾಣ ಹಾಕಿರುವುದು ಚೈನ್ ಅಲ್ಲ, ಟಿಡಿಎಸ್. 2022ರ ಜುಲೈ 1ರಿಂದ ಪ್ರತಿ ಮಾರಾಟದ ಮೊತ್ತದ ಮೇಲೆ ಶೇ 1 ಕಡಿತ. 1 ಲಕ್ಷ ರೂಪಾಯಿ ಹಾಕಿ, ಲಾಭವೂ ಇಲ್ಲದೆ ನಷ್ಟವೂ ಇಲ್ಲದೆ 50 ಸಲ ಕೊಂಡು ಮಾರಿದರೆ ಕೈಯಲ್ಲಿ ಉಳಿಯುವುದು ಸುಮಾರು 60,500 ರೂಪಾಯಿ. ಉಳಿದ 39,500 ನಿಮ್ಮ ಹೆಸರಿನಲ್ಲೇ ಜಮಾ ಆಗಿರುತ್ತದೆ, ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬೇಕು. ಅಲ್ಲಿಯತನಕ ಬಂಡವಾಳ ಕಟ್ಟಿಹಾಕಿದಂತೆ.

ಲಾಭದ ಮೇಲೆ ಶೇ 30, ಅದರ ಮೇಲೆ ಶೇ 4 ಸೆಸ್, ಒಟ್ಟು ಶೇ 31.2. ಒಂದು ಕಾಯಿನ್‌ನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಕೊಂಡ ಬೆಲೆ ಬಿಟ್ಟು ಬೇರೆ ಖರ್ಚು ತೋರಿಸುವಂತಿಲ್ಲ. ಒಂದು ಕಾಯಿನ್ ಕೊಟ್ಟು ಇನ್ನೊಂದು ಪಡೆದರೂ ಅದು ಮಾರಾಟವೇ. ಡೆಕ್ಸ್‌ನಲ್ಲಿ ಮಾಡಿದ್ದನ್ನು ಯಾರೂ ಲೆಕ್ಕ ಹಾಕಿಕೊಡುವುದಿಲ್ಲ, ದಿನಾಂಕ, ಹ್ಯಾಶ್, ಆ ಹೊತ್ತಿನ ರೂಪಾಯಿ ಬೆಲೆ ಮೂರನ್ನೂ ಅಂದಂದೇ ಬರೆದಿಡಿ.

ಪಿ2ಪಿಯಲ್ಲಿ (ನೇರವಾಗಿ ಇನ್ನೊಬ್ಬ ವ್ಯಕ್ತಿಗೆ) ಮಾರಿದ ಮೇಲೆ ಬ್ಯಾಂಕ್ ಖಾತೆ ಫ್ರೀಜ್ ಆಗಿದೆ.

ನಿಮಗೆ ಬಂದ ರೂಪಾಯಿ ಎಲ್ಲೋ ವಂಚನೆಯಿಂದ ಹೊರಟು ನಾಲ್ಕೈದು ಖಾತೆ ದಾಟಿ ಬಂದಿರಬಹುದು. ದೂರು ಬೇರೆ ರಾಜ್ಯದಲ್ಲಿ ದಾಖಲಾಗಿದ್ದರೂ ಖಾತೆ ನಿಲ್ಲುವುದು ಮಂಡ್ಯದಲ್ಲಿ. ಬ್ಯಾಂಕ್ ಶಾಖೆಯಿಂದ ದೂರಿನ ಸಂಖ್ಯೆ, ಠಾಣೆ, ತಡೆಹಿಡಿದ ಮೊತ್ತ ಮೂರನ್ನೂ ಬರಹದಲ್ಲಿ ಪಡೆಯಿರಿ. ಪಿ2ಪಿ ಆರ್ಡರ್, ಚಾಟ್, ಕೆವೈಸಿ ಹೆಸರು, ಟ್ರಾನ್ಸಾಕ್ಷನ್ ಹ್ಯಾಶ್ ಸೇರಿಸಿ ಆ ಠಾಣೆಗೆ ಇಮೇಲ್ ಕಳಿಸಿ. ವಿವಾದದ ಮೊತ್ತ ಬಿಟ್ಟು ಉಳಿದದ್ದನ್ನು ತೆರವು ಮಾಡಿ ಎಂದು ಕೇಳಿಕೊಳ್ಳಿ. ಮುಂದೆ, ಹಣ ಹಾಕುವವರ ಬ್ಯಾಂಕ್ ಹೆಸರಿಗೂ ಆಪ್‌ನ ಹೆಸರಿಗೂ ತಾಳೆಯಾಗದಿದ್ದರೆ ಕಾಯಿನ್ ಬಿಡಬೇಡಿ. ವಂಚನೆಗೆ ಒಳಗಾದವರು ನೀವೇ ಆದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಆಮೇಲೆ ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆ. ತಡವಾದಷ್ಟೂ ದುಡ್ಡು ಇನ್ನೊಂದು ಖಾತೆಗೆ ಜಿಗಿಯುತ್ತದೆ.

ನಾನು ಇರುವ ಚೈನ್ ಈಗ ನಿಂತಿದೆ. ಏನು ಮಾಡಲಿ?

ಮೊದಲು, ನಿಜಕ್ಕೂ ನಿಂತಿದೆಯೇ ನೋಡಿ. ಎರಡು ಬೇರೆ ಎಕ್ಸ್‌ಪ್ಲೋರರ್‌ಗಳಲ್ಲಿ ಕೊನೆಯ ಬ್ಲಾಕ್‌ನ ಸಮಯ ಹೋಲಿಸಿ. ಒಂದರಲ್ಲಿ ಓಡುತ್ತಿದ್ದರೆ ಕೆಟ್ಟಿರುವುದು ನಿಮ್ಮ ವ್ಯಾಲೆಟ್ ಬಳಸುವ ಆರ್‌ಪಿಸಿ (ಚೈನ್‌ಗೆ ಜೋಡಿಸುವ ಸರ್ವರ್), ಸೆಟ್ಟಿಂಗ್ಸ್‌ನಲ್ಲಿ ಬೇರೆಯದು ಹಾಕಿ.

ನಿಂತಿರುವುದು ಖಚಿತವಾದರೆ ಮತ್ತೆ ಮತ್ತೆ ಒತ್ತಬೇಡಿ. ಅದೇ ಕಾಯಿನ್ ಎಕ್ಸ್‌ಚೇಂಜ್‌ನಲ್ಲಿ ಇದ್ದರೆ ಅಲ್ಲಿ ವ್ಯಾಪಾರ ನಡೆಯುತ್ತಿರುತ್ತದೆ, ಆ ಚೈನ್‌ನಿಂದ ಹಾಕುವುದು, ಅದಕ್ಕೆ ತೆಗೆಯುವುದು ಮಾತ್ರ ಬಂದ್. ಸಾಲಕ್ಕೆ ಒತ್ತೆ ಇಟ್ಟಿದ್ದರೆ ಚೈನ್ ಎದ್ದ ಮೊದಲ ನಿಮಿಷಗಳೇ ಅಪಾಯದವು: ಬೆಲೆ ತಿಳಿಸುವ ಒರಾಕಲ್ ಹೊಸ ಬೆಲೆ ತರುತ್ತದೆ, ಹರಾಜು ಬಾಟ್‌ಗಳು ಕಾದು ಕೂತಿರುತ್ತವೆ. ಒತ್ತೆಗೆ ಸೇರಿಸಲು ಬೇಕಾದ ಕಾಯಿನ್ ಮತ್ತು ಶುಲ್ಕದ ಕಾಯಿನ್ ಎರಡೂ ಅದೇ ಚೈನ್‌ನ ವ್ಯಾಲೆಟ್‌ನಲ್ಲಿ ಮೊದಲೇ ಇರಬೇಕು, ನಿಂತ ಮೇಲೆ ತರಲು ದಾರಿಯಿಲ್ಲ. ಟೆಲಿಗ್ರಾಮ್‌ನಲ್ಲಿ "ಸಪೋರ್ಟ್" ಎಂದು ತಾವಾಗಿಯೇ ಮೆಸೇಜ್ ಮಾಡಿ, ವ್ಯಾಲೆಟ್ ಸಿಂಕ್ ಮಾಡಲು ಸೀಡ್ ಪದ ಕೇಳುವವರು ಹೆಚ್ಚಾಗಿ ಬರುವುದು ಇದೇ ಹೊತ್ತಿನಲ್ಲಿ. ಅವರನ್ನು ಬ್ಲಾಕ್ ಮಾಡಿ, ಎಕ್ಸ್‌ಪ್ಲೋರರ್‌ನಲ್ಲಿ ಬ್ಲಾಕ್ ಸಂಖ್ಯೆ ಮತ್ತೆ ಏರತೊಡಗುವ ತನಕ ಕಾಯಿರಿ.